ಸಹಾಯ ಬೇಕು: ರಕ್ತ ಹಾಕಿದ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಹುದೇ?

ಎಚ್.ಡಿ. ಕೋಟೆ ಕಡೆಯ ನನ್ನ ತಂಗಿಯ ಮಗನಿಗೆ ಎರಡು ವರ್ಷ. ಜ್ವರ ಬಂದ ಬೆನ್ನಿಗೇ ಕಣ್ಣು ಹಳದಿಯಾಯಿತು, ಅಂಗೈ ಸುಣ್ಣದಂತೆ ಬಿಳಿಚಿಕೊಂಡಿತು. ಹಿಮೋಗ್ಲೋಬಿನ್ 4.1. ತುರ್ತಾಗಿ ರಕ್ತ ಹಾಕಿ, ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟರು, ಈಗ ಚೇತರಿಸಿಕೊಂಡಿದ್ದಾನೆ. ಮಲೇರಿಯಾ ಇಲ್ಲ. (ಕಾಮಾಲೆಗೆ ನಾಟಿ ಔಷಧಿ ಸೂಚಿಸುವವರು ದಯವಿಟ್ಟು ಸುಮ್ಮನಿರಿ. ಯಕೃತ್ತು ಚೆನ್ನಾಗಿದೆ, ಒಡೆಯುತ್ತಿರುವುದು ಕೆಂಪು ರಕ್ತಕಣ.)

ಗೊಂದಲ ಇಷ್ಟೇ: ಎಚ್‌ಪಿಎಲ್‌ಸಿ (ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಇದೆಯೆಂದು ನೋಡುವ) ಪರೀಕ್ಷೆಗೆ ಮಾದರಿ ತೆಗೆದದ್ದು ರಕ್ತ ಹಾಕಿದ ಮೇಲೆ. ಅದರಲ್ಲಿ ಹಿಮೋಗ್ಲೋಬಿನ್ ಎ (ಸಾಮಾನ್ಯವಾದದ್ದು), ಎಸ್ (ಸಿಕಲ್ ಸೆಲ್ ಕಾಯಿಲೆಯದ್ದು) ಎರಡೂ ಬಂದಿವೆ. 'ಸಿಕಲ್ ಸೆಲ್ ವಾಹಕ ಅಷ್ಟೇ' ಎಂದು ಒಬ್ಬ ವೈದ್ಯರು ಹೇಳಿದರು; ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಈ ಆನುವಂಶಿಕ ಕಾಯಿಲೆಯ ಜೀನ್ ತಂದೆತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದೆ, ಕಾಯಿಲೆ ಇಲ್ಲ ಎಂದು. ಬರೀ ವಾಹಕನಿಗೆ ರಕ್ತ ಇಷ್ಟು ಇಳಿಯುತ್ತದೆಯೇ? ಆ 'ಎ' ದಾನಿಯದ್ದಾಗಿರಬಹುದಲ್ಲವೇ? ಇನ್ನೊಬ್ಬರು ಮೂರು ತಿಂಗಳು ಬಿಟ್ಟು, ದಾನಿಯ ರಕ್ತಕಣ ಹೋದ ಮೇಲೆ, ಮತ್ತೆ ಮಾಡಿಸಿ ಎನ್ನುತ್ತಾರೆ.

ಅಲ್ಲಿಯವರೆಗೆ ಕಾಯಬೇಕೇ, ಇಲ್ಲವೇ ಈಗಲೇ ತಂದೆತಾಯಿಯ ರಕ್ತ ಪರೀಕ್ಷಿಸಿದರೆ ಕಾಯಿಲೆಯೋ ವಾಹಕತೆಯೋ ತಿಳಿಯುತ್ತದೆಯೇ? ಬಲ್ಲವರು ಹೇಳಿ.