ಸೀಲಿಯಾಕ್ ಕಾಯಿಲೆ ಇರುವವರು ಹೆರಿಗೆಗೆ ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ತಿಪಟೂರಿನಿಂದ

ಮದುವೆಗೆ ಮುಂಚೆಯೇ ನನಗೆ ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಇರುವುದು ರಕ್ತ ಪರೀಕ್ಷೆಯಿಂದಲೂ ಸಣ್ಣ ಕರುಳಿನ ಬಯಾಪ್ಸಿಯಿಂದಲೂ ಖಚಿತವಾಗಿತ್ತು. ಅಂದಿನಿಂದ ಗೋಧಿ, ಮೈದಾ, ರವೆ, ಬಾರ್ಲಿ ಯಾವುದನ್ನೂ ತಿಂದಿಲ್ಲ. ಹೊಟ್ಟೆಯುಬ್ಬರ ಮತ್ತು ಭೇದಿ ನಿಂತಿವೆ, ತೂಕವೂ ಏರಿದೆ, ಆದರೆ ಹಿಮೋಗ್ಲೋಬಿನ್ ಮಾತ್ರ ಹತ್ತರ ಆಸುಪಾಸಿನಲ್ಲೇ ಉಳಿದಿದೆ. ಈಗ ನಾವು ಮಗುವಿನ ಬಗ್ಗೆ ಯೋಚಿಸುತ್ತಿದ್ದೇವೆ. ಚೊಚ್ಚಲ ಹೆರಿಗೆಯಾದ್ದರಿಂದ ಸೀಮಂತದ ನಂತರ ಗುಬ್ಬಿಯ ಹತ್ತಿರದ ತವರಿಗೆ ಹೋಗಿ, ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳುವುದೆಂದು ಮನೆಯವರ ಲೆಕ್ಕಾಚಾರ. ನಮ್ಮ ಅತ್ತೆಯವರು ಪ್ರೀತಿಯಿಂದಲೇ, “ಬಸುರಿಯಾದವಳು ಎಲ್ಲವನ್ನೂ ತಿನ್ನಬೇಕು, ಒಂದು ಚೂರು ಚಪಾತಿಯಿಂದ ಏನಾಗುತ್ತದೆ” ಎನ್ನುತ್ತಾರೆ. ಗರ್ಭ ಧರಿಸುವ ಮೊದಲು ಯಾವ ಪರೀಕ್ಷೆಗಳನ್ನು ಮಾಡಿಸಬೇಕು, ಆಸ್ಪತ್ರೆಯಲ್ಲೂ ಬಾಣಂತನದಲ್ಲೂ ಊಟವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಚಿಂತಾಮಣಿಯಿಂದ

ನನಗೂ ಇದೇ ಕಾಯಿಲೆಯಿದೆ, ನನ್ನ ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಮೊದಲಿಗೆ ನಿಮ್ಮ ಮನಸ್ಸಿನ ಭಾರ ಇಳಿಯಲಿ: ಸೀಲಿಯಾಕ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ, ತಾಯಿಯಾಗಲು ಅದೇನೂ ಅಡ್ಡಿಯಲ್ಲ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಅಪಾಯ ಹೆಚ್ಚಾಗಿ ಕಾಣುವುದು ಕಾಯಿಲೆ ಪತ್ತೆಯಾಗದವರಲ್ಲಿ ಮತ್ತು ಪಥ್ಯ ಹಿಡಿಯದವರಲ್ಲಿ. ನೀವು ಪಥ್ಯದಲ್ಲಿದ್ದೀರಿ. ಆದರೆ ನಮ್ಮ ಕಡೆ ಈ ಕಾಯಿಲೆ ಅಪರೂಪ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಕಂಡರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಾಣುತ್ತದೆ. ಹೀಗಾಗಿ ಹೆರಿಗೆ ವೈದ್ಯರು ತಾವಾಗಿಯೇ ಇದನ್ನು ಕೇಳುತ್ತಾರೆಂದು ಕಾಯಬೇಡಿ. ಹಳೆಯ ಬಯಾಪ್ಸಿ ವರದಿಯ ಪ್ರತಿಯನ್ನು ಮೊದಲ ಭೇಟಿಯಲ್ಲೇ ಕೊಡಿ, ತಾಯಿ ಕಾರ್ಡಿನಲ್ಲಿ ಎದ್ದು ಕಾಣುವಂತೆ ಬರೆಸಿ, ಆಶಾ ಕಾರ್ಯಕರ್ತೆಗೂ ತಿಳಿಸಿ.

ಉತ್ತರ: ಕೋಲಾರದಿಂದ, ಆಹಾರ ತಜ್ಞೆ

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಹೋದದ್ದು ಹಿಮೋಗ್ಲೋಬಿನ್ ಕಡೆಗೆ. ಗ್ಲುಟೆನ್ ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ, ಆಹಾರದ ಸತ್ವವನ್ನು ಹೀರುವ ವಿಲ್ಲೈಗಳು ಸವೆಯುತ್ತವೆ. ಕಬ್ಬಿಣಾಂಶ ರಕ್ತಕ್ಕೆ ಸೇರುವುದು ಮುಖ್ಯವಾಗಿ ಆ ಕರುಳಿನ ಮೊದಲ ಭಾಗದಲ್ಲಾದ್ದರಿಂದ, ಹೊಟ್ಟೆಯ ತೊಂದರೆ ನಿಂತ ಮೇಲೂ ರಕ್ತಹೀನತೆ ಉಳಿದಿದ್ದರೆ ಕರುಳು ಪೂರ್ತಿ ಮಾಗಿಲ್ಲದಿರಬಹುದು, ಇಲ್ಲವೇ ಎಲ್ಲಿಂದಲೋ ಗ್ಲುಟೆನ್ ಸೇರುತ್ತಿರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವಂತಹ ಬೇರೆ ಕಾರಣಗಳೂ ಇರುತ್ತವೆ, ಅವನ್ನೂ ನೋಡಿಸಿಕೊಳ್ಳಿ. ಇದನ್ನು ತಿಳಿಯದೆ ಆತುರಪಡುವುದು ಬೇಡ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಟಿಟಿಜಿ (ಸೀಲಿಯಾಕ್ ಪತ್ತೆಗೆ ಮಾಡುವ ರಕ್ತ ಪರೀಕ್ಷೆ), ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಫೋಲೇಟ್, ವಿಟಮಿನ್ ಡಿ ಇವುಗಳ ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಸೀಲಿಯಾಕ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಇತರರಿಗಿಂತ ಹೆಚ್ಚು. ಟಿಟಿಜಿ ಮಟ್ಟ ಇಳಿಯುತ್ತಿದ್ದರೆ ಪಥ್ಯ ಸರಿದಾರಿಯಲ್ಲಿದೆ ಎಂದರ್ಥ, ಆದರೆ ಅದು ಸಹಜಕ್ಕೆ ಬಂದ ಮಾತ್ರಕ್ಕೆ ಕರುಳು ಪೂರ್ತಿ ಗುಣವಾಗಿದೆ ಎನ್ನಲಾಗದು. ಆ ತೀರ್ಮಾನವನ್ನು ಜಠರ-ಕರುಳು ತಜ್ಞರಿಗೆ ಬಿಡಿ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ಮೊದಲ 28 ದಿನಗಳಲ್ಲೇ ಮುಚ್ಚಿಕೊಳ್ಳುವುದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು ಮುಂಚಿತವಾಗಿಯೇ ಆರಂಭಿಸಬೇಕು. ಸಾಮಾನ್ಯ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಹೀರಿಕೊಳ್ಳುವಿಕೆ ಸರಿಯಿಲ್ಲದವರಿಗೆ ವೈದ್ಯರು 5 ಮಿಲಿಗ್ರಾಂ ಬರೆಯುವುದುಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು ತಪ್ಪದೆ ನುಂಗಿದರೂ ರಕ್ತ ಏರದಿದ್ದರೆ, ಮೂರು ತಿಂಗಳು ತುಂಬಿದ ಮೇಲೆ ಡ್ರಿಪ್ ಮೂಲಕ ಕಬ್ಬಿಣ ಕೊಡುವ ದಾರಿ ಇದೆ, ಅದನ್ನು ಕೇಳಲು ಸಂಕೋಚಪಡಬೇಡಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಊಟದ ಹಿಂದೆಯೇ ಕಾಫಿ, ಟೀ ಕುಡಿಯಬಾರದು.

“ಒಂದು ಚೂರು ಚಪಾತಿ”ಯ ಬಗ್ಗೆ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಬಹುದು: ನಮ್ಮ ದೇಶದ ಆಹಾರ ಕಾನೂನಿನಂತೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಮೀರಿದರೆ ಅದನ್ನು ಗ್ಲುಟೆನ್ ಇಲ್ಲದ್ದೆಂದು ಮಾರುವಂತಿಲ್ಲ. ಚಪಾತಿಯ ಒಂದು ತುಣುಕಿನಲ್ಲೇ ಅದರ ಎಷ್ಟೋ ಪಟ್ಟು ಇರುತ್ತದೆ, ಹೊಟ್ಟೆ ನೋಯದಿದ್ದರೂ ಕರುಳಿಗೆ ಪೆಟ್ಟು ಬೀಳುತ್ತದೆ. ಕಾಯಿಲೆ ಇನ್ನೂ ಇದೆಯೇ ಎಂದು ನೋಡಲು ಗರ್ಭಿಣಿಯಾಗಿರುವಾಗ ಗೋಧಿ ತಿನ್ನಲು ಯಾರು ಹೇಳಿದರೂ ಒಪ್ಪಬೇಡಿ.

ಉತ್ತರ: ಮಧುಗಿರಿಯಿಂದ

ಇದೇ ಕಾಯಿಲೆ ಇರುವ ಮಗಳ ಬಾಣಂತನ ಮಾಡಿದವಳಾದ್ದರಿಂದ ಅಡುಗೆಮನೆಯ ವಿಷಯವನ್ನಷ್ಟೇ ಬರೆಯುತ್ತೇನೆ. ನಮ್ಮ ಸೀಮೆಯ ಅಕ್ಕಿ, ರಾಗಿ, ಅವರೆಕಾಳು, ತೊಗರಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ರಾಗಿಯಲ್ಲಂತೂ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ತೊಂದರೆ ಬರುವುದು ಗಿರಣಿಯಲ್ಲಿ. ಗೋಧಿ ಬೀಸಿದ ಯಂತ್ರಕ್ಕೇ ರಾಗಿ ಸುರಿದರೆ ಒಳಗೆ ಉಳಿದ ಗೋಧಿಹಿಟ್ಟೆಲ್ಲ ನಿಮ್ಮ ರಾಗಿಹಿಟ್ಟಿನೊಡನೆ ಡಬ್ಬಕ್ಕೆ ಬೀಳುತ್ತದೆ. ನೋಡಲು ಕಾಣುವುದೇ ಇಲ್ಲ. ರಾಗಿಗೇ ಬೇರೆ ಯಂತ್ರವಿರುವ ಗಿರಣಿಯನ್ನು ತಿಪಟೂರಿನಲ್ಲೂ ತವರಿನಲ್ಲೂ ಈಗಲೇ ಹುಡುಕಿಡಿ. ನಿಮ್ಮ ಹಿಮೋಗ್ಲೋಬಿನ್ ಏರದಿರುವುದಕ್ಕೆ ಇದೂ ಕಾರಣವಿರಬಹುದು. ಇನ್ನೊಂದು ಇಂಗು: ಅಂಗಡಿಯ ಡಬ್ಬಿಯ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ, ಅದು ಬಾಣಂತಿಯ ಮೆಣಸಿನ ಸಾರಿನೊಳಗೆ ದಿನವೂ ಸೇರುತ್ತದೆ. ಬಸುರಿಯರಿಗೆಂದು ನೆಂಟರು ತರುವ ಹಾರ್ಲಿಕ್ಸ್‌ನಲ್ಲಿ ಗೋಧಿಯೂ ಬಾರ್ಲಿಯೂ ಇವೆ. ಸೀಮಂತದ ತಟ್ಟೆಯಲ್ಲಿ ಒಬ್ಬಟ್ಟು ಬೇಡ. ಅಕ್ಕಿ, ಬೆಲ್ಲದ ಕಜ್ಜಾಯ ಆಗುತ್ತದೆ, ಆದರೆ ಪೂರಿ ಕರಿದ ಎಣ್ಣೆಯಲ್ಲಿ ಅದನ್ನು ಕರಿಯಬಾರದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಬನ್ನು, ಬ್ರೆಡ್ಡು, ರಸ್ಕು ಕೊಡುವುದು ನಮ್ಮಲ್ಲಿ ವಾಡಿಕೆ. ಹೆತ್ತು ಸುಸ್ತಾಗಿ ಮಲಗಿದವಳು ಎಲ್ಲವನ್ನೂ ತಾನೇ ವಿಚಾರಿಸುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ, ಜೊತೆಯಲ್ಲಿ ಉಳಿಯುವವರು ಯಾರೆಂದು ಮೊದಲೇ ಗೊತ್ತುಮಾಡಿ ಅವರಿಗೆ ಎಲ್ಲವನ್ನೂ ಕಲಿಸಿಡಿ. ಅಕ್ಕಿ ಗಂಜಿ, ಇಡ್ಲಿ, ಬೇಯಿಸಿದ ಮೊಟ್ಟೆ ಮನೆಯಿಂದಲೇ ಬರಲಿ.

ಮರುಪ್ರಶ್ನೆ: ತಿಪಟೂರಿನಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಗಿರಣಿಯ ವಿಷಯ ನನ್ನ ಮನಸ್ಸಿಗೆ ಬಂದೇ ಇರಲಿಲ್ಲ, ಇಂದೇ ವಿಚಾರಿಸುತ್ತೇನೆ. ಮಗುವಿಗೂ ಈ ಕಾಯಿಲೆ ಬರುತ್ತದೆಯೇ ಎಂಬ ಒಂದು ಆತಂಕ ಮಾತ್ರ ಉಳಿದಿದೆ.

ಉತ್ತರ: ಕೋಲಾರದಿಂದ, ಆಹಾರ ತಜ್ಞೆ

ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಹತ್ತಕ್ಕೆ ಒಂದರಷ್ಟು. ಬಾರದಿರುವ ಸಾಧ್ಯತೆಯೇ ದೊಡ್ಡದು. ಎದೆಹಾಲನ್ನು ಧಾರಾಳವಾಗಿ ಕೊಡಿ, ಅದರಿಂದ ಕಾಯಿಲೆ ಅಂಟುವುದಿಲ್ಲ. ಆರು ತಿಂಗಳ ನಂತರ ಮೇಲಾಹಾರ ಆರಂಭಿಸುವಾಗ ನಿಮ್ಮ ಪಥ್ಯವನ್ನು ಮಗುವಿನ ಮೇಲೆ ಹೇರದೆ, ಮಕ್ಕಳ ವೈದ್ಯರನ್ನು ಕೇಳಿಕೊಂಡು ವರ್ಷ ತುಂಬುವುದರೊಳಗೆ ಗೋಧಿಯನ್ನೂ ಸ್ವಲ್ಪ ಸ್ವಲ್ಪವಾಗಿ ರೂಢಿಸಿ. ಅದಕ್ಕೆ ಬೇರೆ ಪಾತ್ರೆ, ಬೇರೆ ಚಮಚ ಇರಲಿ, ಮಗು ಬಿಟ್ಟ ತುತ್ತನ್ನು ನೀವು ಬಾಯಿಗೆ ಹಾಕಿಕೊಳ್ಳಬೇಡಿ. ತೂಕ ಏರದಿದ್ದರೆ, ಹೊಟ್ಟೆ ಉಬ್ಬಿ ಭೇದಿಯಾಗುತ್ತಿದ್ದರೆ ತಡಮಾಡದೆ ಟಿಟಿಜಿ ಪರೀಕ್ಷೆ ಮಾಡಿಸಿ; ಆದರೆ ಪರೀಕ್ಷೆಗೆ ಮೊದಲೇ ಮಗುವಿನ ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಫಲಿತಾಂಶ ಬರಬಹುದು.