ಪುಟ್ಟಿಯ ಕೌನ್ಸೆಲಿಂಗ್: ಮೊದಲು ಮನೆಯ ಬಾಗಿಲು ನೋಡಿ

ಅತ್ತಿಗೆ, ನಿಮ್ಮ ಸಂದೇಶ ನೋಡಿದೆ. ಬರೆಯುತ್ತಾ ಕುಳಿತರೆ ಮುಗಿಯುವುದಿಲ್ಲವೆಂದು ಮಾತಿನಲ್ಲೇ ಕಳಿಸುತ್ತಿದ್ದೇನೆ, ಕೆಲಸ ಮುಗಿಸಿ ನಿಧಾನವಾಗಿ ಕೇಳಿ. ಪರೀಕ್ಷೆ ಹತ್ತಿರ ಬಂದರೆ ಪುಟ್ಟಿಗೆ ಕೈ ನಡುಗುತ್ತದೆ, ನಿದ್ದೆಯಿಲ್ಲ. ಡಾಕ್ಟರು ವಾರಕ್ಕೊಮ್ಮೆ ಕೌನ್ಸೆಲಿಂಗ್ ಮಾಡಿಸಿ ಎಂದಿದ್ದಾರೆ. ಸಾಗರದಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದೋ, ಮನೆಯಲ್ಲೇ ವಿಡಿಯೊದಲ್ಲಿ ಮಾಡಿಸುವುದೋ ಎಂದು ಕೇಳಿದ್ದೀರಿ. ಎಲ್ಲರನ್ನೂ ಕೇಳು ಎಂದು ಅವಳೇ ಹೇಳಿದಳಂತೆ. ಅದನ್ನು ಓದಿ ನನಗೆ ಅರ್ಧ ಸಮಾಧಾನವಾಯಿತು.

ಅಪ್ಪ ತೀರಿಕೊಂಡ ವರ್ಷ ನಾನು ಎರಡನ್ನೂ ಮಾಡಿದ್ದೇನೆ. ಮೊದಲು ವಿಡಿಯೊ. ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಕುಳಿತಿದ್ದೆ. ಅಪ್ಪನ ಕೊನೆಯ ರಾತ್ರಿಯ ಮಾತು ಬಾಯಿಗೆ ಬರುವ ಹೊತ್ತಿಗೆ ಅತ್ತೆಯವರು ಕಾಫಿ ತಂದರು. ಪ್ರೀತಿಯಿಂದಲೇ ತಂದದ್ದು. ನಾನು ಮೊಬೈಲನ್ನು ಹಾಸಿಗೆಯ ಮೇಲೆ ಮಗುಚಿ ಹಾಕಿದೆ. ಲೋಟ ಇಟ್ಟು ಅವರು ಹೋದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಆಮೇಲೆ ಎರಡು ವಾರ ಬರೀ ಕಚೇರಿಯ ವಿಷಯ ಮಾತಾಡಿದೆ. ಕಿವಿಯೆಲ್ಲ ಬಾಗಿಲ ಕಡೆಗೇ ಇತ್ತು.

ಹಾಗಾಗಿ ಅದೇ ಕೌನ್ಸೆಲರ್ ಬಳಿ ನೇರವಾಗಿ ಹೋಗತೊಡಗಿದೆ. ಎರಡು ಕುರ್ಚಿ, ಒಂದು ಕಿಟಕಿ, ಅಷ್ಟೇ. ಅಪ್ಪನ ಹೆಸರು ಬಂದಾಗಲೆಲ್ಲ ನಾನು ಸೆರಗಿನ ಕುಚ್ಚನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದೆನಂತೆ. ಅವರು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ವಿಡಿಯೊದಲ್ಲಿ ಕಾಣುವುದು ಮುಖ ಮಾತ್ರ, ಕೈ ಕಾಣುವುದಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಅತ್ತು ಹಗುರಾಗಿ ಮನೆಗೆ ಬರುತ್ತಿದ್ದೆ, ಅದೂ ಬೇಕಿತ್ತು. ಮುಂದೆ ವರ್ಗವಾಗಿ ಒಬ್ಬಳೇ ಇದ್ದಾಗ ಅವರೊಂದಿಗೇ ಮತ್ತೆ ವಿಡಿಯೊದಲ್ಲಿ ಮಾತಾಡಿದೆ. ಆಗ ಏನೂ ಕಡಿಮೆಯಾಯಿತು ಎನಿಸಲಿಲ್ಲ.

ಅದಕ್ಕೇ ಹೇಳುತ್ತೇನೆ ಅತ್ತಿಗೆ, ವಿಡಿಯೊ ಎಂದರೆ ಅರೆಬರೆ ಚಿಕಿತ್ಸೆ ಎಂದುಕೊಳ್ಳಬೇಡಿ. ಆತಂಕ, ಖಿನ್ನತೆಗಳಿಗೆ ಅದು ಮುಖಾಮುಖಿ ಮಾತಿನಷ್ಟೇ ಫಲ ಕೊಡುತ್ತದೆ ಎಂದು ಸಾಕಷ್ಟು ಅಧ್ಯಯನಗಳು ಹೇಳಿವೆ. ಪ್ರಶ್ನೆ ಇರುವುದು ನಿಮ್ಮ ಮನೆಯದು. ಮುಕ್ಕಾಲು ಗಂಟೆ ಯಾರ ಕಿವಿಗೂ ಬೀಳದಂತೆ ಪುಟ್ಟಿ ಮಾತಾಡುವ ಜಾಗ ಇದೆಯೇ? ಇಲ್ಲವೆಂದರೆ ಬಸ್ಸೇ ಸರಿ, ಅದಕ್ಕೆ ಇಡೀ ದಿನ ಕಳೆದರೂ ಸರಿ.

ಕೌನ್ಸೆಲರ್ ಯಾರಾದರೂ ಸರಿ ಎಂದು ಬಿಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯವರು ವಿಡಿಯೊ ಶುರುವಾಗುವ ಮೊದಲು ನೀನು ಎಲ್ಲಿದ್ದೀಯ, ತುರ್ತಾದರೆ ಯಾರಿಗೆ ಫೋನ್ ಮಾಡಲಿ ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೋಗುವುದು ಗೊತ್ತೇ ಇದೆ, ಆಗ ಬರೀ ಫೋನಿನಲ್ಲಿ ಮುಂದುವರಿಸುವುದೆಂದು ಮೊದಲೇ ಮಾತಾಡಿಕೊಳ್ಳಲಿ. ಜೀವ ಬೇಡ ಎಂಬಂಥ ಮಾತು ಅವಳ ಬಾಯಿಂದ ಬಂದರೆ ಮಾತ್ರ ಮುಂದಿನ ವಾರದ ವಿಡಿಯೊಗೆ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಎಂಬ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್; ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು, ನಿಮಗೆ ಕಷ್ಟವಾಗಬಹುದು. ಮುಗಿದ ಮೇಲೆ ಏನು ಮಾತಾಡಿದೆ ಎಂದು ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಅವಳಿಗೆ ಹತ್ತೊಂಬತ್ತು ತುಂಬಿದೆ, ಚಿಕಿತ್ಸೆ ಕೊಡುವವರು ಅವಳ ಗುಟ್ಟನ್ನು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಮಾಳಿಗೆಯಲ್ಲಿ ಅಡಿಕೆ ಚೀಲ ಇಡುವ ಕೋಣೆ ಇದೆಯಲ್ಲ, ಅದನ್ನು ಖಾಲಿ ಮಾಡಿಸಿ. ಅದರ ಬಾಗಿಲು ಮಳೆಗೆ ಉಬ್ಬಿ ಸರಿಯಾಗಿ ಮುಚ್ಚುವುದಿಲ್ಲ, ಅಣ್ಣನಿಗೆ ಹೇಳಿ ಕೀಸಿಸಿ. ಆ ಹೊತ್ತಿನಲ್ಲಿ ಕೆಳಗೆ ರೇಡಿಯೊ ಹಾಕಿಡಿ. ಕಾಫಿಯನ್ನು ಅವಳು ಇಳಿದು ಬಂದ ಮೇಲೆ ಕೊಡಿ.