ಪೋಕೆ ಅಂದ್ರೆ ಹೆಚ್ಚು

ಶೀನ ಡಬ್ಬಿಯ ಮುಚ್ಚಳ ತೆಗೆದ. ಕೆಳಗೆ ಅನ್ನ, ಮೇಲೆ ಪನೀರು, ಮಾವಿನಹಣ್ಣು, ಸೌತೆಕಾಯಿ, ಜೋಳದ ಕಾಳು. ಮೂಲೆಯಲ್ಲಿ ಗುಲಾಬಿ ಬಣ್ಣದ ಶುಂಠಿ.

"ಪೋಕ್ ಬೌಲು. 550 ರೂಪಾಯಿ."

"ಪೋಕ್ ಅಲ್ಲ ಕಣೋ, ಪೋಕೆ," ಅಂದರು ರಾಯರು. ಮಗಳ ಮನೆಗೆ ಹವಾಯಿಯ ಹೊನೊಲುಲುವಿಗೆ ಹೋಗಿ ಬಂದ ಮೇಲೆ ಅವರನ್ನು ಹಿಡಿಯುವವರಿಲ್ಲ.

"ಹಂಗಂದ್ರೆ?"

"ಹೆಚ್ಚು."

"ಏನು ಹೆಚ್ಚು, ಬೆಲೆನಾ?" ಗುಂಡಣ್ಣ ಕೇಳಿದ.

"ಹೆಚ್ಚೋದಯ್ಯ, ತರಕಾರಿ ಹೆಚ್ಚೋದಿಲ್ವಾ ಹಾಗೆ. ಅಡ್ಡಡ್ಡ ತುಂಡು ಮಾಡೋದು. ಹವಾಯಿ ಭಾಷೆಯಲ್ಲಿ ಅಷ್ಟೇ ಅರ್ಥ. ಹಸಿ ಮೀನು ಹೆಚ್ಚಿ, ಉಪ್ಪು, ಲಿಮು ಅನ್ನೋ ಕಡಲಪಾಚಿ, ಕುಕುಯಿ ಬೀಜ ಸುಟ್ಟು ಕುಟ್ಟಿದ ಇನಾಮೋನ ಹಾಕಿ ಕಲಸಿದ್ರೆ ಮುಗೀತು. ಸೋಯಾ ಸಾಸು, ಎಳ್ಳೆಣ್ಣೆ ಎಲ್ಲ ಆಮೇಲೆ ಸೇರಿದ್ದು, ಕಬ್ಬಿನ ತೋಟದ ಕೆಲಸಕ್ಕೆ ಏಷ್ಯಾದಿಂದ ಹೋದ ಜನರ ಕಾಲದಿಂದ."

"ಹಸಿ ಮೀನು! ನೀವು ತಿಂದ್ರಾ?"

"ನಾನು ಅರ್ಥ ಮಾತ್ರ ತಿಳ್ಕೊಂಡೆ."

ಶೀನ ಸೋಲುವವನಲ್ಲ. "ಇದರಲ್ಲೂ ಎಲ್ಲ ಹೆಚ್ಚಿದ್ದೇ ಅಲ್ವಾ?"

"ಹಾಗಾದ್ರೆ ಕೋಸಂಬರಿನೂ ಪೋಕೇನೇ. ನಿಮ್ಮಮ್ಮ ಪುಕ್ಕಟೆ ಕೊಡ್ತಾರೆ. ಇಲ್ಲಿ ಮೀನೇ ಇಲ್ಲ, ಬರೀ ಹೆಚ್ಚು ಉಳಿದಿದೆ. ಬಿಲ್ಲು ನೋಡಿದ್ರೇ ಗೊತ್ತಾಗತ್ತೆ."

"ಎಲ್ಲರೂ ಪೋಕ್ ಅಂತಾರಪ್ಪ."

"ಇಂಗ್ಲಿಷ್‌ನಲ್ಲಿ ಹಾಗಂದ್ರೆ ತಿವಿಯೋದು. ಹವಾಯಿಯವರ ಪದ ಸ್ವರದಲ್ಲೇ ಮುಗಿಯಬೇಕು. ನಮ್ಮಜ್ಜಿ ಬಸ್ಸು, ಲೈಟು ಅಂತಿದ್ದ ಹಾಗೇ. ಕ್ರಿಸ್‌ಮಸ್ ಅವರ ಬಾಯಲ್ಲಿ ಕಲಿಕಿಮಕ!"

ಕಲಿಕಿಮಕ, ಕಲಿಕಿಮಕ ಎಂದು ಗುಂಡಣ್ಣ ನಾಲ್ಕು ಸಲ ಹೇಳಿ ನೋಡಿದ. ಮಾತು ಅವನ ಅಜ್ಜಿ ರೇಡಿಯೋವನ್ನು ರೇಡಿವಾ ಅನ್ನುತ್ತಿದ್ದ ಕಡೆಗೆ ಹೋಯಿತು. ಹತ್ತು ನಿಮಿಷ ಅಲ್ಲೇ ಇತ್ತು.

"ಇನ್ನೊಂದು ಕೇಳಿ," ರಾಯರು ಎಳೆದು ತಂದರು. "2018ರಲ್ಲಿ ಶಿಕಾಗೋದ ಒಂದು ಪೋಕೆ ಕಂಪನಿ ಅದೇ ಹೆಸರಿಟ್ಟುಕೊಂಡ ಬೇರೆ ಅಂಗಡಿಗಳಿಗೆ ವಕೀಲರ ಕಾಗದ ಕಳಿಸ್ತು. ಹೊನೊಲುಲುವಿನ ಒಂದು ಅಂಗಡಿಗೂ ಬಂತು. ಅಲೋಹಾ ಅಂತ ಬೋರ್ಡಲ್ಲಿ ಹಾಕಬೇಡಿ, ಅಲೋಹಾ ಪೋಕೆ ನಮ್ದು ಅಂತ. ಅಲೋಹಾ ಅಂದ್ರೆ ನಮಸ್ಕಾರ. ನಿಮ್ಮೂರಲ್ಲೇ ನೀವು 'ನಮಸ್ಕಾರ, ಹೆಚ್ಚು' ಅನ್ನೋಕೆ ಶಿಕಾಗೋದವರ ಅಪ್ಪಣೆ!"

ನಗು ನಿಂತ ಮೇಲೆ ಅವರೇ ದನಿ ತಗ್ಗಿಸಿದರು. "1896ರಲ್ಲಿ ಅಲ್ಲಿನ ಶಾಲೆಯಿಂದ ಹವಾಯಿ ಭಾಷೇನ ತೆಗೆದುಹಾಕಿದ್ರಂತೆ. ಮಕ್ಕಳು ಆಡಿದ್ರೆ ಶಿಕ್ಷೆ. ರಾಜ್ಯದ ಆಡಳಿತ ಭಾಷೆ ಅಂತ ಆಗಿದ್ದು 1978ರಲ್ಲಿ. ಈಗ ಮಕ್ಕಳು ಮತ್ತೆ ಕಲೀತಿದ್ದಾರೆ. ನಮ್ಮ ಮೊಮ್ಮಗಳೂ."

"ಅದು ಒಳ್ಳೇದೇ ಅಲ್ವಾ?"

"ಒಳ್ಳೇದೇ." ರಾಯರು ಡಬ್ಬಿಯನ್ನೇ ನೋಡುತ್ತಿದ್ದರು. "ಒಂದಿನ ಅಡುಗೆಮನೇಲಿ, ಪುಟ್ಟಿ ಸೌತೆಕಾಯಿ ಹೆಚ್ಚು ಅಂದೆ. ಫ್ರಿಜ್‌ನಿಂದ ಇನ್ನೆರಡು ಸೌತೆಕಾಯಿ ತಂದಿಟ್ಳು. ಹೆಚ್ಚು ಅಂದ್ರೆ ಜಾಸ್ತಿ ಅಲ್ವಾ ತಾತ, ಅಂದ್ಳು."

"ಆಮೇಲೆ?"

"ಪೋಕೆ ಅಂದೆ. ತಕ್ಷಣ ಚಾಕು ತಗೊಂಡ್ಳು."

ಗುಂಡಣ್ಣ ಡಬ್ಬಿಯಿಂದ ಒಂದು ಸೌತೆಕಾಯಿ ಹೋಳು ಎತ್ತಿಕೊಂಡ. ಶೀನ ಬೇಡ ಅನ್ನಲಿಲ್ಲ.